ಕೇರಿಯ ಹಲರು, ಹೆದ್ದಾರಿಯ ಎಲ್ಲರು

ಬೀದಿಯೆಂಬ ಶಬ್ದವು ಸಂಸ್ಕೃತದ ‘ವೀಥಿ’ಯ ತದ್ಭವವು. ಕೇರಿಯೆಂಬುದು ಅಚ್ಚಕನ್ನಡದ ಮಾತು. ಹಿರಿದಾದ ದಾರಿಯೇ ಹೆದ್ದಾರಿ. ಹೆಮ್ಮರ, ಹೆಬ್ಬಾಗಿಲುಗಳಂತೆ ಇದೂ ಸಮಾಸದಿಂದಾದ ಪದವು. ಇಂದಿನ ವ್ಯವಹಾರದಲ್ಲಿ ಈ ಮೂರನ್ನೂ ರಸ್ತೆಯೆಂಬ ಒಂದೇ ಹೆಸರಿನಿಂದ ಕರೆಯುವುದು ರೂಢಿಯಾಗಿದ್ದರೂ ಅವುಗಳೊಳಗೆ ಒಂದು ಭೇದವುಂಟು. ಕೇರಿಯು ಜನರು ವಾಸಿಸುವ ಸ್ಥಳವು. ಹೆದ್ದಾರಿಯು ಜನರು ಹಾದುಹೋಗುವ ಸ್ಥಳವು. ಬೀದಿಯು ಇವೆರಡರ ಗುಣವನ್ನೂ ಸ್ವಲ್ಪ ಸ್ವಲ್ಪ ಪಡೆದಿರುವುದು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಾದರೋ ಕಡಲಿಗೂ ಗುಡ್ಡಗಳಿಗೂ ನಡುವೆ ಸಿಕ್ಕಿದ ಕಿರಿದಾದ ನೆಲದ ಪಟ್ಟಿಯಾದುದರಿಂದ, ಇಲ್ಲಿ ಒಂದೇ ದಾರಿಯು ಕೇರಿಯೂ ಆಗಬೇಕು, ಹೆದ್ದಾರಿಯೂ ಆಗಬೇಕು. ಹೀಗಿರುವಲ್ಲಿ ದಾರಿಯ ರೂಪವನ್ನು ನಿಶ್ಚಯಿಸುವಾಗ ಯಾರ ಮಾತನ್ನು ಕೇಳತಕ್ಕದ್ದು? ಅಲ್ಲಿ ವಾಸಿಸುವವನದನ್ನೋ, ಹಾದುಹೋಗುವವನದನ್ನೋ, ಅದನ್ನು ಅಡ್ಡಹಾಯುವವನದನ್ನೋ? ಈ ಪ್ರಶ್ನೆಯು ಹೊಸದೆಂದು ತೋರಬಹುದು. ಆದರೆ ಇದಕ್ಕೊಂದು ದೀರ್ಘವಾದ ಚರಿತ್ರೆಯಿರುವುದು.

ಪ್ರಾಚೀನರು ಈ ವಿಷಯವನ್ನು ಉಪೇಕ್ಷಿಸಿದವರಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ದೊರೆತ ತಾಳೆಯೋಲೆಯಿಂದ ಆರ್. ಶಾಮಶಾಸ್ತ್ರಿಗಳು 1909ನೆಯ ಇಸವಿಯಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದಾರಿಗಳ ಅಗಲವನ್ನು ಅವುಗಳ ಉಪಯೋಗಕ್ಕೆ ತಕ್ಕಂತೆ ಗೊತ್ತುಮಾಡಿರುವುದು ಕಂಡುಬರುತ್ತದೆ. ರಥಗಳು ಹೋಗುವ ಬೀದಿಗೆ 4 ದಂಡಗಳ ಅಗಲವನ್ನೂ, ರಾಜಮಾರ್ಗಕ್ಕೆ 8 ದಂಡಗಳನ್ನೂ ಅದು ವಿಧಿಸುತ್ತದೆ. ಇದಕ್ಕಿಂತಲೂ ಗಮನಾರ್ಹವಾದ ಮಾತೊಂದು ಅದರ ವ್ಯವಹಾರಭಾಗದಲ್ಲಿದೆ. ಮನುಷ್ಯರೂ ಸಣ್ಣ ಪಶುಗಳೂ ನಡೆಯುವ ದಾರಿಯನ್ನು ತಡೆದವನು 12 ಪಣಗಳ ದಂಡಕ್ಕೆ ಗುರಿಯಾಗುತ್ತಾನೆ. ದೊಡ್ಡ ಪಶುಗಳ ದಾರಿಯನ್ನು ತಡೆದವನಿಗೆ 24 ಪಣಗಳು. ದಂಡದ ತಾರತಮ್ಯವೇನೇ ಇರಲಿ, ಕಾಲ್ನಡೆಯವನ ದಾರಿಯೂ ರಾಜನ ರಕ್ಷಣೆಗೆ ಅರ್ಹವಾದ ದಾರಿಯೆಂಬ ತತ್ತ್ವವು ಅಲ್ಲಿ ಸ್ಪಷ್ಟವಾಗಿದೆ. ಆದರೆ ಆ ಶಾಸ್ತ್ರದಲ್ಲಿ ಅಗಲವನ್ನು ನಿರ್ಣಯಿಸುವವನು ರಾಜನೇ ಹೊರತು ಊರವರಲ್ಲ.

ಊರವರ ಮಾತು ನಡೆದ ಸ್ಥಳವನ್ನು ನೋಡಬೇಕಾದರೆ ಬಾರಕೂರಿಗೆ ಬರಬೇಕು. ಇಂದು ಬ್ರಹ್ಮಾವರ ತಾಲೂಕಿಗೆ ಸೇರಿದ ಬಾರಕೂರು ಆಳುಪರ ರಾಜಧಾನಿಯಾಗಿದ್ದು, 14ನೆಯ ಶತಮಾನದಿಂದ ವಿಜಯನಗರದ ಬಾರಕೂರು ರಾಜ್ಯಕ್ಕೆ ಮುಖ್ಯಸ್ಥಾನವಾಯಿತು. ಆ ಪಟ್ಟಣದಲ್ಲಿ ಹತ್ತು ಕೇರಿಗಳಿದ್ದುವೆಂಬುದು ಪ್ರಸಿದ್ಧವಾದ ವಿಷಯವು. ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ ಮೊದಲಾದ ಹೆಸರುಗಳಲ್ಲಿ ಕೆಲವು ಈಗಲೂ ಅಲ್ಲಿಯವರ ಬಾಯಲ್ಲಿ ಉಳಿದಿವೆ. ಕುಂದಾಪುರ ತಾಲೂಕಿನ ಬಸರೂರೂ ಹಾಗೆಯೇ ಮೂಡುಕೇರಿ, ಪಡುವಕೇರಿಗಳೆಂದು ವಿಭಾಗಗೊಂಡಿದ್ದ ರೇವುಪಟ್ಟಣವು. ಈ ಕೇರಿಗಳು ಬರಿಯ ಮನೆಗಳ ಸಾಲುಗಳಾಗಿರಲಿಲ್ಲ. ಕೇರಿಗೆ ಅದರದೇ ಆದ ಒಂದು ಸಭೆಯಿತ್ತು. ಆ ಸಭೆಯವರನ್ನು ಶಾಸನಗಳು ‘ಹಲರು’ ಎಂದು ಕರೆಯುತ್ತವೆ. ದೇವಾಲಯಕ್ಕೆ ದತ್ತಿಯನ್ನು ಬಿಟ್ಟವನು ಅದು ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವ ಭಾರವನ್ನು ಕೇರಿಯ ಹಲರಿಗೆ ಒಪ್ಪಿಸುತ್ತಿದ್ದನು. ಅರಸರ ಅಧಿಕಾರಿಯು ಬದಲಾಗಬಹುದು, ಅರಸುಮನೆತನವೇ ಬದಲಾಗಬಹುದು. ಕೇರಿಯು ಮಾತ್ರ ಇದ್ದೇ ಇರುವುದೆಂಬ ವಿಶ್ವಾಸವು ಆ ಒಪ್ಪಿಸುವಿಕೆಯಲ್ಲಿತ್ತು.

ಆದರೆ ಈ ಸಭೆಗಳನ್ನು ಅತಿಯಾಗಿ ಹೊಗಳುವುದು ಚರಿತ್ರಕಾರನ ಧರ್ಮವಲ್ಲ. ‘ಹಲರು’ ಎಂದರೆ ಅನೇಕರು ಎಂದರ್ಥವೇ ಹೊರತು ಎಲ್ಲರು ಎಂದರ್ಥವಲ್ಲ. ವರ್ತಕರೂ ಭೂಮಿವಂತರೂ ಅಲ್ಲಿ ಪ್ರಮುಖರಾಗಿದ್ದರು. ತಲೆಯ ಮೇಲೆ ಮೀನಿನ ಬುಟ್ಟಿಯನ್ನು ಹೊತ್ತು ಕೇರಿಗೆ ಬರುತ್ತಿದ್ದ ಹೆಂಗಸಿಗೂ, ದೋಣಿಯಿಂದ ಅಕ್ಕಿಮುಡಿಯನ್ನು ಇಳಿಸುತ್ತಿದ್ದ ಆಳಿಗೂ ಆ ಸಭೆಯಲ್ಲಿ ಸ್ಥಾನವಿದ್ದಿತೆಂದು ಹೇಳುವುದಕ್ಕೆ ಆಧಾರವಿಲ್ಲ. ಆದುದರಿಂದ ಹಲರ ಸಭೆಯಿಂದ ಕಲಿಯತಕ್ಕ ಪಾಠಗಳು ಎರಡು. ಕೇರಿಯವರು ಕೇರಿಯ ವಿಷಯದಲ್ಲಿ ಜವಾಬುದಾರಿಯನ್ನು ಹೊರಬಲ್ಲರೆಂಬುದು ಒಂದು. ಹಲರ ಮಾತು ಎಲ್ಲರ ಮಾತಾಗಲಾರದೆಂಬುದು ಇನ್ನೊಂದು. ಮುಂದಿನ ಚರಿತ್ರೆಯನ್ನೆಲ್ಲ ಈ ಎರಡು ಪಾಠಗಳ ಬೆಳಕಿನಲ್ಲಿಯೇ ನೋಡಬಹುದು.

ಎಲ್ಲರೂ ಬಂದು ಸೇರುವ ಬೀದಿಯೂ ಈ ನಾಡಿಗೆ ಅಪರಿಚಿತವಲ್ಲ. ದೇವಾಲಯದ ರಥಬೀದಿಯನ್ನು ನೋಡಿರಿ. ಅದರ ಅಗಲವನ್ನು ತೇರಿನ ಚಕ್ರಗಳು ನಿರ್ಣಯಿಸುತ್ತವೆ. ಅದರ ತಿರುವನ್ನು ಹಗ್ಗ ಹಿಡಿದು ಎಳೆಯುವವರ ಸಾಲು ನಿರ್ಣಯಿಸುತ್ತದೆ. ಕೋಟೇಶ್ವರದ ಕೊಡಿಹಬ್ಬದ ದಿವಸ ಕಬ್ಬಿನ ಕೊಡಿಯನ್ನು ಕೊಂಡುಕೊಳ್ಳುವುದಕ್ಕೆ ಬರುವ ಹೊಸ ದಂಪತಿಗಳೂ, ಸಂತೆಯವರೂ, ಮಕ್ಕಳೂ, ಮುದುಕರೂ ಅದೇ ಬೀದಿಯಲ್ಲಿ ನೆರೆಯುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಅದು ಅಂಗಡಿಯವರದೂ ಮನೆಯವರದೂ ಆಗಿರುತ್ತದೆ. ಒಂದೇ ಬೀದಿಗೆ ಎಷ್ಟು ಬಗೆಯ ಉಪಯೋಗಗಳಿರಬಹುದೆಂಬುದನ್ನು ಯಾವ ನಕ್ಷೆಗಾರನೂ ಕಾಗದದ ಮೇಲೆ ಮಾತ್ರ ನೋಡಿ ತಿಳಿಯಲಾರನು; ಅಲ್ಲಿಯವರನ್ನು ಕೇಳಿಯೇ ತಿಳಿಯಬೇಕು.

ಈ ಸೀಮೆಯಲ್ಲಿ ಹೆದ್ದಾರಿಯು ಬೀದಿಯನ್ನು ಬಹುಕಾಲ ಬಾಧಿಸಲಿಲ್ಲ. ಅದಕ್ಕೆ ಕಾರಣವು ಹೊಳೆಗಳು. ತೆಂಕಣಿಂದ ಬಡಗಕ್ಕೆ ಹೋಗುವವನು ಮಾಬುಕಳದಲ್ಲಿ ಸೀತಾನದಿಯನ್ನೂ, ಕುಂದಾಪುರದ ಬಳಿಯಲ್ಲಿ ವಾರಾಹಿ, ಚಕ್ರಾ ಮೊದಲಾದ ಹೊಳೆಗಳನ್ನೂ, ಅದರಾಚೆಗೆ ಸೌಪರ್ಣಿಕೆಯನ್ನೂ ದಾಟಬೇಕಾಗಿತ್ತು. ಸೇತುವೆಗಳಿಲ್ಲದ ಕಾಲದಲ್ಲಿ ಪ್ರತಿಯೊಂದು ಕಡವಿನಲ್ಲಿಯೂ ದೋಣಿಗಾಗಿ ಕಾಯುವ ಪ್ರಯಾಣಿಕನು ಆ ಊರಿಗೆ ಅರ್ಧಗಳಿಗೆಯ ಮಟ್ಟಿಗಾದರೂ ಅತಿಥಿಯಾಗುತ್ತಿದ್ದನು. 1884ನೆಯ ಮದರಾಸು ಕಾಯಿದೆಯ ಪ್ರಕಾರ ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳು ಹುಟ್ಟಿ ರಸ್ತೆಗಳ ಪಾಲನೆಯು ಅವುಗಳ ಕೈಗೆ ಬಂದಿತು. ಬೋರ್ಡುಗಳ ಅಧಿಕಾರವು ಅಲ್ಪವಾಗಿದ್ದರೂ, ರಸ್ತೆಯ ವಿಷಯದಲ್ಲಿ ದೂರು ಹೇಳಬೇಕಾದವನಿಗೆ ದೂರು ಕೇಳುವವನ ಮನೆಯು ಎಲ್ಲಿದೆಯೆಂದು ತಿಳಿದಿತ್ತು.

ಬೀದಿಯ ರೂಪವನ್ನು ಬದಲಾಯಿಸುವ ಮೊದಲು ಬೀದಿಯವರನ್ನು ಕೇಳಬೇಕೆಂಬ ನಿಯಮವು ಆಧುನಿಕ ಕಾಯಿದೆಯಲ್ಲಿ ವಿಶದವಾಗಿ ಬಂದುದು ಟ್ರಾಮಿನ ನಿಮಿತ್ತದಿಂದ. ಈ ಜಿಲ್ಲೆಯಲ್ಲಿ ಟ್ರಾಮು ಎಂದೂ ಓಡಲಿಲ್ಲ. ಆದರೂ ಟ್ರಾಮಿನ ಕಥೆಯು ಇಲ್ಲಿಗೆ ಅಪ್ರಸ್ತುತವಲ್ಲ. ಹೇಗೆಂದರೆ, ಬಂಡಿಯು ಹೋದಮೇಲೆ ಬೀದಿಯು ಮೊದಲಿನಂತಾಗುತ್ತದೆ. ಟ್ರಾಮಿನ ಹಳಿಯಾದರೋ ಬೀದಿಯ ಎದೆಯಲ್ಲಿ ಸ್ಥಿರವಾಗಿ ನಿಲ್ಲುತ್ತದೆ. ಒಬ್ಬ ಕಂಪೆನಿಯವನು ಸರ್ವರಿಗೂ ಸೇರಿದ ಬೀದಿಯಲ್ಲಿ ಶಾಶ್ವತವಾದ ಒಂದು ವಸ್ತುವನ್ನು ಹೂಳಬಹುದೇ, ಹೂಳಬಹುದಾದರೆ ಯಾರ ಅನುಮತಿಯಿಂದ, ಎಂಬ ವಿಚಾರವು ಆಗ ಹುಟ್ಟಿತು.

ಇಂಗ್ಲೆಂಡಿನಲ್ಲಿ 1870ನೆಯ ಇಸವಿಯ ಟ್ರಾಮ್ ಕಾಯಿದೆಯು ಇದಕ್ಕೆ ಉತ್ತರವನ್ನು ಅಡಿ ಅಂಗುಲಗಳಲ್ಲಿ ಕೊಟ್ಟಿತು. ಕಾಲುದಾರಿಯ ಅಂಚಿಗೂ ಹಳಿಗೂ ನಡುವೆ, 30 ಅಡಿ ಅಥವಾ ಅದಕ್ಕಿಂತ ಹೆಚ್ಚು ಉದ್ದದವರೆಗೆ, 9 ಅಡಿ 6 ಅಂಗುಲಗಳಿಗಿಂತ ಕಡಿಮೆ ತೆರಪು ಉಳಿಯುವುದಾದರೆ, ಆ ಭಾಗದ ಮನೆ ಅಂಗಡಿಗಳವರಲ್ಲಿ ಮೂರರಲ್ಲೊಂದು ಅಂಶದವರು ಅಸಮ್ಮತಿಯನ್ನು ಸೂಚಿಸಿದರೆ ಹಳಿಯನ್ನು ಹಾಗೆ ಹಾಕಕೂಡದೆಂದು ವಿಧಿಸಲಾಯಿತು. ಅಂಗಡಿಯ ಮುಂದೆ ಒಂದು ಗಾಡಿ ನಿಲ್ಲುವಷ್ಟು ಸ್ಥಳವಾದರೂ ಉಳಿಯಬೇಕೆಂಬುದು ಅದರ ತಾತ್ಪರ್ಯವು. ಇಲ್ಲಿ ವಿಶೇಷವೇನೆಂದರೆ, ಅಂಗಡಿಯವನ ನೆಲವನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಅವನ ಬಾಗಿಲ ಮುಂದಿನ ಬೀದಿಯು ಮಾತ್ರ ಬದಲಾಗುತ್ತಿತ್ತು. ಅಷ್ಟರಿಂದಲೇ ಅವನಿಗೆ ಬೇಡವೆನ್ನುವ ಹಕ್ಕು ಹುಟ್ಟಿತು. ಭಾರತದಲ್ಲಿ 1886ನೆಯ ಟ್ರಾಮ್ ಕಾಯಿದೆಯು ಸ್ಥಳೀಯ ಸಂಸ್ಥೆಯ ಸಮ್ಮತಿಯನ್ನು ಅವಶ್ಯಕವೆಂದಿತು. ಅಲ್ಲದೆ ಆಜ್ಞೆಯ ಕರಡನ್ನು ಮೊದಲೇ ಪ್ರಕಟಿಸಿ, ನಿಯಮಿತ ದಿವಸದೊಳಗಾಗಿ ಯಾರೇ ಆಗಲಿ ಕಳುಹಿಸುವ ಆಕ್ಷೇಪಣೆಗಳನ್ನೂ ಸೂಚನೆಗಳನ್ನೂ ಪರಿಶೀಲಿಸತಕ್ಕದ್ದೆಂದು ಅದು ನಿಯಮಿಸಿತು. ‘ಯಾರೇ ಆಗಲಿ’ ಎಂಬ ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಟ್ರಾಮನ್ನು ಈ ಸೀಮೆಯವರು ಕಂಡುದು ಮುಂಬಯಿಯಲ್ಲಿ. ಹೋಟೆಲುಗಳಲ್ಲಿ ದುಡಿಯುವುದಕ್ಕಾಗಿ ಕುಂದಾಪುರದ ಕಡೆಯಿಂದ ಹೋದ ಹುಡುಗರು ಊರಿಗೆ ಮರಳಿದಾಗ ಹೇಳುತ್ತಿದ್ದ ಆಶ್ಚರ್ಯಗಳಲ್ಲಿ ಟ್ರಾಮುಗಾಡಿಯೂ ಒಂದು. ಮುಂಬಯಿಯಲ್ಲಿ 1874ನೆಯ ಮೇ 9ರಂದು ಕುದುರೆಗಳೆಳೆಯುವ ಟ್ರಾಮು ಆರಂಭವಾಯಿತು. 1907ನೆಯ ಮೇ 7ರಂದು ವಿದ್ಯುತ್ತಿನ ಟ್ರಾಮು ಓಡಿತು. 1947ನೆಯ ಆಗಸ್ಟ್ 7ರಂದು ಕಂಪೆನಿಯ ಸೊತ್ತು ಪೌರಸಭೆಯ ವಶಕ್ಕೆ ಬಂದಿತು. 1964ನೆಯ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಗಾಡಿಯು ಹೋಯಿತು. ಆ ನಗರದಲ್ಲಿ 1872ನೆಯ ಕಾಯಿದೆಯಂತೆ ಪೌರಸಭೆಯ 64 ಸದಸ್ಯರಲ್ಲಿ ಅರ್ಧದಷ್ಟು ಮಂದಿಯನ್ನು ತೆರಿಗೆ ಕೊಡುವವರು ಆರಿಸುತ್ತಿದ್ದರು. ಅಲ್ಲಿಯೂ ಬಾರಕೂರಿನ ನ್ಯಾಯವೇ. ತೆರಿಗೆ ಕೊಡುವ ಹಲರ ಮಾತು ನಡೆಯಿತು. ಟ್ರಾಮಿನ ಹಲಗೆಯ ಮೇಲೆ ಕುಳಿತು ಕೆಲಸಕ್ಕೆ ಹೋಗುತ್ತಿದ್ದ ಹೋಟೆಲಿನ ಹುಡುಗನ ಮಾತು ನಡೆಯಲಿಲ್ಲ. ಮದರಾಸಿನ ಟ್ರಾಮು 1953ರಲ್ಲಿಯೇ ನಿಂತಿತು. ಕಲಕತ್ತೆಯಲ್ಲಿ ಮಾತ್ರ 1873ರಲ್ಲಿ ಮೊದಲು ಕಂಡ ಟ್ರಾಮನ್ನು ಉಳಿಸಬೇಕೆಂದು ಇತ್ತೀಚಿನ ವರ್ಷಗಳಲ್ಲಿ ಜನರು ಉಚ್ಚನ್ಯಾಯಾಲಯದವರೆಗೂ ಹೋಗಿದ್ದಾರೆ.

ಇನ್ನು ಸ್ವತಂತ್ರ ಭಾರತದ ಹೆದ್ದಾರಿಯ ಕಾಯಿದೆಯನ್ನು ನೋಡಬಹುದು. 1956ನೆಯ ರಾಷ್ಟ್ರೀಯ ಹೆದ್ದಾರಿ ಕಾಯಿದೆಗೆ 1997ರಲ್ಲಿ ಮಾಡಿದ ತಿದ್ದುಪಡಿಯಂತೆ, ಹೆದ್ದಾರಿಗೆ ಬೇಕಾದ ನೆಲದ ವಿಷಯದಲ್ಲಿ ಪ್ರಕಟನೆಯು ಹೊರಟು, ಅದರ ಸಾರಾಂಶವು ಎರಡು ವೃತ್ತಪತ್ರಿಕೆಗಳಲ್ಲಿ, ಅವುಗಳಲ್ಲೊಂದು ದೇಶಭಾಷೆಯದಾಗಿರುವಂತೆ, ಬರತಕ್ಕದ್ದು. ಪ್ರಕಟನೆಯಾದ 21 ದಿವಸಗಳೊಳಗೆ ಆಕ್ಷೇಪಣೆಯನ್ನು ಸಲ್ಲಿಸಬಹುದು. ಸಲ್ಲಿಸತಕ್ಕವರು ಯಾರು? ಆ ನೆಲದಲ್ಲಿ ಹಿತಸಂಬಂಧವುಳ್ಳವರು. ನೆಲವನ್ನು ಕಳೆದುಕೊಳ್ಳುವವನನ್ನು ಕೇಳುವುದು ನ್ಯಾಯವೇ. ಆದರೆ ಒಂದು ಸೆಂಟು ನೆಲವನ್ನೂ ಕಳೆದುಕೊಳ್ಳದೆ, ದಿನಕ್ಕೆ ನಾಲ್ಕು ಸಲ ಆ ದಾರಿಯನ್ನು ದಾಟಬೇಕಾದವನ ಗತಿಯೇನು? ಅವನಿಗೆ ಆ 21 ದಿವಸಗಳಲ್ಲಿ ಒಂದು ಗಳಿಗೆಯೂ ಸಲ್ಲುವುದಿಲ್ಲ. ಟ್ರಾಮಿನ ಕಾಯಿದೆಯ ‘ಯಾರೇ ಆಗಲಿ’ ಎಂಬ ಮಾತು ಇಲ್ಲಿ ‘ನೆಲವುಳ್ಳವರು’ ಎಂದು ಸಂಕುಚಿತವಾಯಿತು. ಬಾರಕೂರಿನ ಹಲರಾದರೂ ಕೇರಿಯ ಪರವಾಗಿ ಮಾತನಾಡಿದರು. ಇಲ್ಲಿ ಪ್ರತಿಯೊಬ್ಬನೂ ತನ್ನ ಸರ್ವೆ ನಂಬರಿನ ಪರವಾಗಿ ಮಾತ್ರ ಮಾತನಾಡಬಲ್ಲನು.

ಇದರ ಫಲವನ್ನು ಕರಾವಳಿಯ ಹೆದ್ದಾರಿಯಲ್ಲಿ ಕಾಣಬಹುದು. ಹಿಂದೆ 17ನೆಯ ಸಂಖ್ಯೆಯದಾಗಿದ್ದು ಈಗ 66ನೆಯದೆನಿಸಿರುವ ಈ ದಾರಿಯನ್ನು ಚತುಷ್ಪಥವನ್ನಾಗಿ ಮಾಡುವ ಕಾರ್ಯವು 2010ರ ಅನಂತರ ಈ ಜಿಲ್ಲೆಯಲ್ಲಿ ನಡೆಯಿತು. ಅಗಲವಾದ ದಾರಿಯಿಂದ ಪ್ರಯೋಜನವಾಗಲಿಲ್ಲವೆಂದು ಯಾರೂ ಹೇಳಲಾರರು. ಮಂಗಳೂರಿನ ಆಸ್ಪತ್ರೆಗೆ ರೋಗಿಯನ್ನು ಒಯ್ಯುವವನಿಗೂ, ಗಂಗೊಳ್ಳಿಯ ಮೀನನ್ನು ದೂರದ ಪೇಟೆಗೆ ಕಳುಹಿಸುವವನಿಗೂ ಅದು ಉಪಕಾರವನ್ನೇ ಮಾಡಿದೆ. ಆದರೆ ದಾರಿಯ ಉದ್ದಕ್ಕೆ ಹೋಗುವವನಿಗೆ ಆದ ಉಪಕಾರವು ಅಡ್ಡಕ್ಕೆ ಹೋಗುವವನಿಗೆ ಆಗಲಿಲ್ಲ. ಕುಂದಾಪುರದಲ್ಲಿ ಶಾಸ್ತ್ರಿವೃತ್ತದ ಮೇಲ್ಸೇತುವೆಯ ಕೆಲಸವು ಸುಮಾರು ಒಂದು ದಶಕದವರೆಗೆ ಎಳೆದಿತು. ಮಳೆಗಾಲದ ಕೆಸರನ್ನೂ ಬೇಸಗೆಯ ಧೂಳನ್ನೂ ಊರವರು ವರ್ಷಾನುವರ್ಷ ಸಹಿಸಿಕೊಂಡು, ಮನವಿಗಳನ್ನು ಕೊಟ್ಟು, ಪ್ರತಿಭಟನೆಗಳನ್ನು ನಡೆಯಿಸಿದರು. ಬಸ್ರೂರು ಮೂರುಕೈಯೆಂಬ ಸ್ಥಳದ ಹೆಸರನ್ನೇ ವಿಚಾರಿಸಿರಿ. ಮೂರು ದಾರಿಗಳು ಕೂಡುವೆಡೆಯನ್ನು ಈ ಸೀಮೆಯವರು ಮೂರುಕೈಯೆನ್ನುವರು. ಅಲ್ಲಿ ಈಗ ಊರವರು ಹೆದ್ದಾರಿಯ ಅಡಿಯಲ್ಲಿರುವ ಕೆಳದಾರಿಯಿಂದ ನುಸುಳಿ ಹೋಗಬೇಕು. ಬೈಂದೂರಿನ ಒತ್ತಿನೆಣೆಯಲ್ಲಿ ಗುಡ್ಡವನ್ನು ಕಡಿದು ದಾರಿಯನ್ನು ಮಾಡಿದುದರಿಂದ ಮಳೆಗಾಲದಲ್ಲಿ ಮಣ್ಣು ಜರಿದು ಬೀಳುವುದುಂಟು. ಆ ಗುಡ್ಡದ ಮಣ್ಣಿನ ಗುಣವೇನೆಂಬುದು ಅದರ ಬುಡದಲ್ಲಿ ಬೇಸಾಯ ಮಾಡಿದವರಿಗೆ ತಿಳಿಯದ ಸಂಗತಿಯಲ್ಲ.

ಬ್ರಹ್ಮಾವರ ತಾಲೂಕಿನ ಸಾಸ್ತಾನದಲ್ಲಿ ಸುಂಕದ ಕಟ್ಟೆಯು ನಿಂತಮೇಲೆ ಸ್ಥಳೀಯರ ವಾಹನಗಳಿಗೆ ವಿನಾಯಿತಿಯನ್ನು ಕೊಡಬೇಕೆಂದು ಜನರು ಪುನಃಪುನಃ ಹೋರಾಡಿದರು. ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. 2008ನೆಯ ಹೆದ್ದಾರಿ ಶುಲ್ಕದ ನಿಯಮಗಳಲ್ಲಿ, ಕಟ್ಟೆಯಿಂದ 20 ಕಿಲೋಮೀಟರಿನೊಳಗೆ ವಾಸಿಸುವವನ ಸ್ವಂತ ವಾಹನಕ್ಕೆ ತಿಂಗಳ ರಹದಾರಿಯನ್ನು ಕೊಡುವ ಏರ್ಪಾಡುಂಟು. ಅಂದರೆ ಹತ್ತಿರ ವಾಸಿಸುವವನಿಗೂ ದೂರದಿಂದ ಬರುವವನಿಗೂ ಭೇದವುಂಟೆಂಬುದನ್ನು ಸರಕಾರವು ಸುಂಕವನ್ನು ಎತ್ತುವ ಸಮಯದಲ್ಲಿ ಒಪ್ಪಿಕೊಂಡಿದೆ. ದಾರಿಯ ನಕ್ಷೆಯನ್ನು ಬರೆಯುವ ಸಮಯದಲ್ಲಿ ಒಪ್ಪಿಕೊಂಡಿಲ್ಲ. ವಾಹನವಿಲ್ಲದವನಂತೂ ಎರಡು ಲೆಕ್ಕಗಳಲ್ಲಿಯೂ ಸೇರಲಿಲ್ಲ.

ಜನರ ಮಾತಿಗೆ ಬೇರೆ ಸ್ಥಾನಗಳಿಲ್ಲವೇ ಎಂದು ಕೇಳಬಹುದು. ಗ್ರಾಮಗಳಿಗೆ ಗ್ರಾಮಸಭೆಯಿದೆ. ಸಂವಿಧಾನದ 74ನೆಯ ತಿದ್ದುಪಡಿಯು 3 ಲಕ್ಷ ಅಥವಾ ಅದಕ್ಕೆ ಮಿಕ್ಕಿದ ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡುಸಮಿತಿಗಳಿರತಕ್ಕದ್ದೆಂದು ವಿಧಿಸಿತು. 2011ನೆಯ ಜನಗಣತಿಯಲ್ಲಿ 30 ಸಾವಿರದ ಆಸುಪಾಸಿನಲ್ಲಿದ್ದ ಕುಂದಾಪುರವು ಗ್ರಾಮವೂ ಅಲ್ಲ, ಅಂಥ ನಗರವೂ ಅಲ್ಲ. ಬೈಂದೂರು ಪಟ್ಟಣಪಂಚಾಯತಿಯಾದಾಗ ಪಟ್ಟಣದ ಹೆಸರನ್ನು ಪಡೆಯಿತು, ಗ್ರಾಮಸಭೆಯನ್ನು ಕಳೆದುಕೊಂಡಿತು. ಬ್ರಹ್ಮಾವರದ ಪೇಟೆಯಾದರೋ ವಾರಂಬಳ್ಳಿ, ಚಾಂತಾರು ಮೊದಲಾದ ಗ್ರಾಮಪಂಚಾಯತಿಗಳಲ್ಲಿ ಬಹುಕಾಲ ಹಂಚಿಹೋಗಿದ್ದುದರಿಂದ, ಒಂದೇ ಬೀದಿಯ ಜನರು ಒಂದೇ ಸಭೆಯಲ್ಲಿ ಕೂಡುವುದಕ್ಕೆ ಅವಕಾಶವಿರಲಿಲ್ಲ. ಹತ್ತು ಕೇರಿಗಳಿಗೆ ಸಭೆಗಳಿದ್ದ ಬಾರಕೂರಿನ ನೆರೆಯಲ್ಲಿಯೇ ಈ ಸ್ಥಿತಿಯು ಬಂದುದು ಶೋಚನೀಯವಾಗಿದೆ.

ವಿಧಿಯು ಮಾತಿಗೆ ಸ್ಥಾನವನ್ನು ಕೊಡದಿದ್ದಾಗ ಮಾತು ಬೀದಿಗೆ ಬರುತ್ತದೆ. ಬೆಂಗಳೂರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರು ಉದ್ದದ ಉಕ್ಕಿನ ಮೇಲ್ಸೇತುವೆಯನ್ನು ಕಟ್ಟಬೇಕೆಂದು ಸರಕಾರವು ನಿಶ್ಚಯಿಸಿದಾಗ, 2016ರ ಅಕ್ಟೋಬರಿನಲ್ಲಿ ನಾಗರಿಕರು ದಾರಿಯುದ್ದಕ್ಕೂ ಕೈಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಆ ಯೋಜನೆಯು ರದ್ದಾಯಿತು. ಇದೇ 66ನೆಯ ಹೆದ್ದಾರಿಯು ತಲಪಾಡಿಯನ್ನು ದಾಟಿ ಕಾಸರಗೋಡಿನ ಮೂಲಕ ಹೋಗುವ ಕೇರಳದಲ್ಲಿ, ಅಗಲವು 30 ಮೀಟರಿರಬೇಕೋ 45 ಮೀಟರಿರಬೇಕೋ ಎಂಬ ವಿಷಯದಲ್ಲಿ 2010ರಲ್ಲಿ ಸರ್ವಪಕ್ಷಗಳ ಸಭೆಗಳೇ ಕೂಡಿದುವು. ಕೊನೆಗೆ 45 ಮೀಟರೇ ನಿಶ್ಚಯವಾಯಿತು. ಒಂದೆಡೆ ಜನರ ಇಚ್ಛೆಯು ಗೆದ್ದಿತು, ಇನ್ನೊಂದೆಡೆ ಅಗಲವು ಗೆದ್ದಿತು. ಆದರೆ ಎರಡು ಕಡೆಗಳಲ್ಲಿಯೂ ವಿಷಯವು ಬಹಿರಂಗವಾಗಿ ಚರ್ಚಿತವಾಯಿತು. ಸಣ್ಣ ಪಟ್ಟಣಕ್ಕೆ ಇಂಥ ಭಾಗ್ಯವು ದುರ್ಲಭ. ರಾಜಧಾನಿಯ ಬೀದಿಗೆ ಪತ್ರಿಕೆಗಳೂ ಪಂಡಿತರೂ ಇರುತ್ತಾರೆ. ಕುಂದಾಪುರದ ಬೀದಿಗೆ ಅಲ್ಲಿ ನಡೆಯುವವರೇ ಇರಬೇಕು.

ನೆಲವಿಲ್ಲದವರನ್ನು ಕೇಳುವುದು ಅಸಾಧ್ಯವೆಂಬ ವಾದವನ್ನು ನಮ್ಮ ಕಾಯಿದೆಗಳಲ್ಲೊಂದು ಆಗಲೇ ಖಂಡಿಸಿದೆ. 2014ನೆಯ ಬೀದಿವ್ಯಾಪಾರಿಗಳ ಕಾಯಿದೆಯಂತೆ ಪಟ್ಟಣದ ಮಾರಾಟ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಮೆಯಿಲ್ಲದಷ್ಟು ಸದಸ್ಯರು ಬೀದಿವ್ಯಾಪಾರಿಗಳೇ ಆಗಿರಬೇಕು. ಅವರಲ್ಲಿ ಮೂರರಲ್ಲೊಂದು ಅಂಶವು ಹೆಂಗಸರಾಗಿರಬೇಕು. ಸ್ವಂತ ನೆಲವಿಲ್ಲದೆ ಬೀದಿಯ ಬದಿಯಲ್ಲಿ ಬುಟ್ಟಿಯನ್ನಿಟ್ಟುಕೊಂಡು ಕುಳಿತ ಹೆಂಗಸಿಗೆ, ಆ ಬೀದಿಯ ವ್ಯವಸ್ಥೆಯಲ್ಲಿ ಮಾತನಾಡುವ ಅಧಿಕಾರವನ್ನು ಕಾಯಿದೆಯು ಹೀಗೆ ಕೊಟ್ಟಿತು. ಬಾರಕೂರಿನ ಹಲರ ಸಭೆಯಲ್ಲಿ ಅವಳಿಗಿದ್ದಿತೆಂದು ಹೇಳಲಾಗದ ಸ್ಥಾನವು ಇದು. ವ್ಯಾಪಾರಕ್ಕೆ ಸಲ್ಲುವ ಈ ನ್ಯಾಯವು ನಡಿಗೆಗೆ ಏಕೆ ಸಲ್ಲಬಾರದು? ಹೆದ್ದಾರಿಯ ನಕ್ಷೆಯನ್ನು ಸ್ಥಿರಪಡಿಸುವ ಮೊದಲು, ಅದನ್ನು ಪಂಚಾಯತಿಯ ಕಟ್ಟಡದಲ್ಲಿಯೂ ಶಾಲೆಯ ಜಗಲಿಯಲ್ಲಿಯೂ ಕನ್ನಡದಲ್ಲಿ ತೂಗಹಾಕಿ, ಮಕ್ಕಳು ಎಲ್ಲಿ ದಾಟುವರು, ದನಗಳು ಎಲ್ಲಿ ದಾಟುವುವು, ಮಳೆನೀರು ಯಾವ ಕಡೆಗೆ ಹರಿಯುವುದು ಎಂದು ಊರವರನ್ನು ಕೇಳುವುದಕ್ಕೆ ಹೆಚ್ಚಿನ ದ್ರವ್ಯವು ಬೇಕಾಗಿಲ್ಲ. ಕೆಳದಾರಿಯನ್ನು ಮೊದಲೇ ಸರಿಯಾದ ಸ್ಥಳದಲ್ಲಿ ಇಡುವುದಕ್ಕಿಂತ, ದಾರಿಯಾದಮೇಲೆ ಗೋಡೆಯನ್ನು ಒಡೆದು ಇಡುವುದಕ್ಕೆ ವೆಚ್ಚವು ಅಧಿಕ. ಅದಕ್ಕೆ ಮೊದಲು ಹೋದ ಜೀವಗಳಿಗಂತೂ ಬೆಲೆಯನ್ನು ಕಟ್ಟುವಂತಿಲ್ಲ.

ಬಾರಕೂರಿನ ಹತ್ತು ಕೇರಿಗಳಲ್ಲಿ ಈಗ ಹುಲ್ಲು ಬೆಳೆದ ಹಕ್ಕಲುಗಳೂ, ಹಳೆಯ ಗುಡಿಗಳೂ, ಶಾಸನದ ಕಲ್ಲುಗಳೂ ಉಳಿದಿವೆ. ಕೆಲವು ಮೈಲಿಗಳಾಚೆಗೆ ಹೆದ್ದಾರಿಯಲ್ಲಿ ಹಗಲಿರುಳೂ ವಾಹನಗಳು ಓಡುತ್ತಿವೆ. ಸಂಜೆ ಶಾಲೆ ಬಿಟ್ಟಮೇಲೆ ಆ ಹೆದ್ದಾರಿಯ ಅಂಚಿನಲ್ಲಿ ಪುಸ್ತಕದ ಚೀಲವನ್ನು ಹೊತ್ತ ಮಕ್ಕಳು ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡು, ಎರಡು ಕಡೆಗಳನ್ನೂ ನೋಡುತ್ತ, ದಾಟುವುದಕ್ಕಾಗಿ ಕಾದು ನಿಂತಿರುವುದನ್ನು ಯಾವ ದಿವಸವಾದರೂ ಕಾಣಬಹುದು. ಅವರು ಹಲರೊಳಗೆ ಸೇರಿದವರಲ್ಲ, ಎಲ್ಲರೊಳಗೆ ಸೇರಿದವರು.